ಹದಿನಾಲ್ಕು ಸರ, ಹದಿನೈದು ಗುಂಡಿ

ಕಾಜಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಗುರುತಿನ ಚೀಟಿಯಲ್ಲಿತ್ತು, ಅಷ್ಟು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಟೈಲರ್ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ, ಒಂದೇ ಮರದ ಸ್ಟೂಲಿನ ಮೇಲೆ ಕೂತು ಕಾಜಾ ಹೊಲಿದು ಗುಂಡಿ ಹಚ್ಚಿದವಳನ್ನು ಜನ ಇನ್ನೇನಂತ ಕರೆಯಬೇಕು? ಕಾಜಾ ಅಂದರೆ ಗುಂಡಿ ತೂರುವ ಸೀಳು; ಅದರ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒತ್ತಾಗಿ ಹೊಲಿಗೆ ಹಾಕಬೇಕು. ಅಂಗಿ ನೋಡಿದವರು ಬಟ್ಟೆ ಚೆನ್ನಾಗಿದೆ ಅನ್ನುತ್ತಾರೆ, ಕಾಲರ್ ಚೆನ್ನಾಗಿ ಕೂತಿದೆ ಅನ್ನುತ್ತಾರೆ. ಕಾಜಾ ಚೆನ್ನಾಗಿದೆ ಅಂದವರನ್ನು ಮಾತ್ರ ಅವಳು ಈ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೇಸರವಿತ್ತು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಗಿರಾಕಿಯ ಬಟ್ಟೆಯನ್ನು ಕೆಲಸದವರು ಮೈಗೆ ಹಿಡಿದು ನೋಡಬಾರದು, ತೋಳು ತೂರಿಸಬಾರದು, ಕನ್ನಡಿಯ ಮುಂದೆ ನಿಲ್ಲಬಾರದು. ಹೇಗೆ ಕೂರುತ್ತದೆ ಅಂತ ನೋಡಬೇಕಾದರೆ ಮೂಲೆಯಲ್ಲಿ ನಿಂತ ಬೊಂಬೆಗೆ ಹಾಕಬೇಕು. ಅದಕ್ಕೆ ಮರದ ಒಂಟಿ ಕಾಲು, ಬಟ್ಟೆ ಸುತ್ತಿದ ಸೊಂಟ, ಎದೆ, ಭುಜ, ಕತ್ತು. ಕತ್ತಿನ ಮೇಲೆ ಏನೂ ಇಲ್ಲ. ಬಾಯಿಯೇ ಇಲ್ಲದ ಅದಕ್ಕೆ ಅಂಗಡಿಯವರು ಮೌನಗೌರಿ ಅಂತ ಹೆಸರಿಟ್ಟಿದ್ದರು. ಕಾಜಕ್ಕನಿಗೆ ಈ ಪಾಠ ಎಷ್ಟು ಮೈಗೂಡಿತ್ತೆಂದರೆ, ತನ್ನ ಸ್ವಂತ ಬಟ್ಟೆ ಕೊಳ್ಳುವಾಗಲೂ ಮೈಗೆ ಹಿಡಿದು ನೋಡಲು ಹಿಂದೆ ಮುಂದೆ ನೋಡುತ್ತಿದ್ದಳು.

ಮಾಸ್ಟರ್ ಕಾಜಾ ಹಾಕುವ ಯಂತ್ರ ತಂದ ದಿನ ಅಂಗಡಿಯವರೆಲ್ಲ ಅದರ ಸುತ್ತ ನಿಂತರು. ಯಂತ್ರ ಗರಗರ ಅಂದಿತು, ನಿಂತಿತು. ಬಟ್ಟೆಯ ಮೇಲೆ ಕಾಜಾ ಮೂಡಿತ್ತು.

"ಹನ್ನೆರಡು ಸೆಕೆಂಡು," ಅಂದರು ಮಾಸ್ಟರ್, ಅವಳ ಮುಖ ನೋಡದೆ. "ನಿನ್ನ ಕೈಯಲ್ಲಿ ಎಷ್ಟಾಗುತ್ತೆ ಕಾಜಕ್ಕ?"

"ಕೋಟಾದ್ರೆ ಎಂಟು ನಿಮಿಷ."

"ಇನ್ನು ನಾನೇನು ಹೇಳಲಿ ಹೇಳು."

ಮಾಸ್ಟರ್ ಕೆಟ್ಟವರಲ್ಲ. ಕೊನೆಯ ದಿನ ಹಳೆಯ ಮೌನಗೌರಿಯನ್ನು ಅವಳಿಗೇ ಕೊಟ್ಟು, ಮನೆಯ ತನಕ ಸಾಗಿಸುವ ಗಾಡಿಗೂ ತಾವೇ ಹೇಳಿದರು. ಎರಡನೇ ಮಹಡಿಯ ಎರಡು ಕೋಣೆಯ ಮನೆಗೆ ಬೊಂಬೆಯನ್ನು ಹೊತ್ತು ತಂದಾಗ ಅತ್ತೆ ಕುರ್ಚಿಯಿಂದ ಏಳದೆಯೇ ಕೇಳಿದರು.

"ಕೆಲಸ ಕಿತ್ಕೊಂಡು ಗೊಂಬೆ ಕೊಟ್ರಾ? ಒಳ್ಳೇ ವ್ಯಾಪಾರ."

ಈ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ವಯಸ್ಸು ಎಪ್ಪತ್ತೊಂದು, ಮಂಡಿ ಸೋತಿತ್ತು, ನಾಲಿಗೆ ಸೋತಿರಲಿಲ್ಲ. ಮಗ ಲಾರಿ ಓಡಿಸುತ್ತ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದುದರಿಂದ, ಅವನಿಗೆ ಸಲ್ಲಬೇಕಾದ ಬೈಗುಳವೂ ಸೊಸೆಯ ಪಾಲಿಗೇ ಬರುತ್ತಿತ್ತು. ಅತ್ತೆಯ ಬಳಿ ಒಂದೇ ಒಂದು ಬೆಲೆಬಾಳುವ ವಸ್ತುವಿತ್ತು. ತೀರಿಹೋದ ಮಾವ ಮೂವತ್ತು ವರ್ಷದ ಹಿಂದೆ ಕೊಡಿಸಿದ ಉದ್ದನೆಯ ಬೂದು ಕೋಟು. ಅದಕ್ಕೆ ಕತ್ತಿನಿಂದ ಮೊಣಕಾಲಿನವರೆಗೆ ಹದಿನೈದು ಚಿಪ್ಪಿನ ಗುಂಡಿಗಳು; ಬೆಳಕು ಬಿದ್ದರೆ ಒಮ್ಮೆ ಬಿಳಿ, ಒಮ್ಮೆ ಗುಲಾಬಿ, ಒಮ್ಮೆ ತೆಳು ಹಸಿರು. ಊರಿನ ಅರ್ಧ ಗುಂಡಿಗಳನ್ನು ಹೊಲಿದ ಸೊಸೆ ಮನೆಯಲ್ಲೇ ಇದ್ದರೂ, ಸಡಿಲವಾದ ಗುಂಡಿಯನ್ನು ಅತ್ತೆ ತಾವೇ ಕಣ್ಣು ಕಿರಿದು ಮಾಡಿಕೊಂಡು ಬಿಗಿ ಮಾಡುತ್ತಿದ್ದರು. "ಇದನ್ನ ಮುಟ್ಟಬೇಡ," ಅನ್ನುತ್ತಿದ್ದರು. ಸೊಸೆ ಮುಟ್ಟುತ್ತಿರಲಿಲ್ಲ.

ಕಾಜಕ್ಕ ಮಣಿ ಸರ ಮಾಡಲು ಕಲಿತದ್ದು ಹಿಂದಿನಿಂದಲೇ, ಬಿಡುವಿನ ಹೊತ್ತಿನಲ್ಲಿ. ಅಂಗಡಿಯ ನೆಲ ಗುಡಿಸುವಾಗ ಹಲಗೆಗಳ ಸಂದಿಯಲ್ಲಿ ಸಿಕ್ಕ ಮಣಿ, ಬಿಡಿ ಗುಂಡಿಗಳನ್ನು ಮಾಸ್ಟರನ್ನು ಕೇಳಿ ಬಿಸ್ಕೆಟ್ ಡಬ್ಬಿಗೆ ಹಾಕುತ್ತಿದ್ದಳು. ಬೀದಿಯ ಕೊನೆಯಲ್ಲಿ ಕ್ಷೌರದಂಗಡಿ ಮುಚ್ಚಿದಾಗ, ಅದರ ಬಾಗಿಲಿಗೆ ಇಳಿಬಿಟ್ಟಿದ್ದ ಗಾಜಿನ ಮಣಿಯ ಪರದೆಯನ್ನು ಕಸಕ್ಕೆ ಎಸೆಯುವ ಮೊದಲೇ ಒಂದು ಬಕೆಟ್ ಹಿಡಿದುಕೊಂಡು ಹೋಗಿದ್ದಳು. ಉಳಿದ ಮಣಿ ಕಾಗದದ್ದು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ, ಅಗಲದ ತುದಿಯಿಂದ ಸಣ್ಣ ಕಡ್ಡಿಗೆ ಬಿಗಿಯಾಗಿ ಸುತ್ತುತ್ತ ಬಂದು, ಚೂಪಾದ ಕೊನೆಗೆ ಮೈದಾ ಅಂಟು ಹಚ್ಚಿದರೆ ನಡುವೆ ಉಬ್ಬಿದ ಮಣಿಯಾಗುತ್ತದೆ. ಅದರ ಮೇಲೆ ಬಣ್ಣವಿಲ್ಲದ ಉಗುರು ಪಾಲಿಷನ್ನು ಎರಡು ಸಲ ಬಳಿದರೆ ನೀರಿಗೂ ಬಗ್ಗುವುದಿಲ್ಲ. ದುಡ್ಡು ಕೊಟ್ಟು ತರುತ್ತಿದ್ದುದು ಆ ಪಾಲಿಷ್ ಮತ್ತು ಗುಂಡಿ ಹಚ್ಚುವ ದಪ್ಪ ದಾರ, ಎರಡೇ. ಕೊಂಡಿ, ಹುಕ್ಕು ಅವಳು ಕೊಳ್ಳುತ್ತಿರಲಿಲ್ಲ. ಎಲ್ಲ ಮಣಿಗಳಿಗಿಂತ ಒಂದು ಕೊಂಡಿಯೇ ದುಬಾರಿ. ಹೊಟ್ಟೆಯವರೆಗೆ ಬರುವ ಉದ್ದನೆಯ ಸರಕ್ಕೆ ಕೊಂಡಿ ಯಾಕೆ ಬೇಕು? ತುದಿಗೆ ತುದಿ ಗಂಟು ಹಾಕಿದರೆ ಆಯಿತು, ತಲೆಯ ಮೇಲಿಂದ ಇಳಿಬಿಟ್ಟರೆ ಆಯಿತು.

ಇನ್ನೊಂದು ಅಭ್ಯಾಸವಿತ್ತು. ದಾರಕ್ಕೆ ಮೇಣದಬತ್ತಿ ಉಜ್ಜಿ, ಪ್ರತಿ ಮಣಿಯ ಆಚೆ ಈಚೆ ಗಂಟು ಹಾಕುವುದು. ಕಾಜಾದಲ್ಲಿ ಒಂದೊಂದು ಹೊಲಿಗೆಯನ್ನೂ ಬಿಗಿದು ಗೊತ್ತಿದ್ದ ಕೈ, ಸುಮ್ಮನೆ ಮಣಿ ಪೋಣಿಸಿ ಬಿಡಲು ಒಪ್ಪುತ್ತಿರಲಿಲ್ಲ.

"ನಿನ್ನ ಮಣಿಗಳೇನು ಮನೆ ಬಿಟ್ಟು ಓಡಿ ಹೋಗ್ತಾವಾ, ಒಂದೊಂದನ್ನೂ ಕಟ್ಟಿ ಹಾಕ್ತಿದ್ದೀಯ?" ಅನ್ನುತ್ತಿದ್ದರು ಅತ್ತೆ. "ಒಂದು ಸರಕ್ಕೆ ಎರಡು ದಿನ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ಇದೇ."

ಕೆಲಸ ಹೋದ ಮೇಲೆ ಈ ಮಾತು ಬರೀ ಮಾತಾಗಿ ಉಳಿಯಲಿಲ್ಲ. ಅತ್ತೆ ಯಾರಿಗೋ ಹೇಳಿ, ಊರಾಚೆಯ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಲೇಬಲ್ ಅಂಟಿಸುವ ಕೆಲಸ ಗೊತ್ತು ಮಾಡಿದರು. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ತಿಂಗಳೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಕಾಜಕ್ಕ ಕೆಲಸಕ್ಕೆ ಹೆದರುವವಳಲ್ಲ. ಆದರೆ ಈ ಬೆರಳುಗಳು ಇನ್ನು ಮೇಲೆ ಲೇಬಲ್ ಒತ್ತುತ್ತವೆ ಅಂತ ನೆನೆದಾಗ ಅವಳಿಗೆ ಅಳು ಬರುತ್ತಿತ್ತು.

ಆಗ ಬಂದವರು ದೊಡ್ಡ ಸಿಸ್ಟರ್. ಸರ್ಕಾರಿ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆ, ಎತ್ತರದ ಹೆಂಗಸು, ಮೆಟ್ಟಿಲು ಹತ್ತಿ ಬಂದರೂ ಏದುಸಿರಿಲ್ಲ. ಆಸ್ಪತ್ರೆಯ ಗೇಟಿನ ಬಳಿ ಹಣ್ಣು ಮಾರುವವಳ ಕೊರಳಲ್ಲಿ ಕಾಜಕ್ಕನ ಉದ್ದ ಸರ ನೋಡಿ ವಿಳಾಸ ಕೇಳಿಕೊಂಡು ಬಂದಿದ್ದರು.

"ಕೆಲಸ ಮಾಡೋ ಹೆಂಗಸರದ್ದು ಹಾಡಿನ ಸ್ಪರ್ಧೆ ಇದೆ, ತಿಂಗಳ ಕೊನೇ ಭಾನುವಾರ," ಅಂದರು. "ನಾವು ಹದಿನಾಲ್ಕು ಜನ. ಎಲ್ಲರಿಗೂ ಒಂದೇ ಥರದ ಸರ ಬೇಕು, ನೀಲಿ ಬಿಳಿ. ಆದ್ರೆ ಉದ್ದ ಬೇಡ. ಆಮೇಲೆ ಡ್ಯೂಟಿಗೂ ಹಾಕ್ಕೋತೀವಿ, ಬಗ್ಗಿದಾಗ ರೋಗಿಯ ಮುಖಕ್ಕೆ ಬಡೀಬಾರ್ದು. ಕತ್ತಿಗೆ ಒತ್ತಿ ಕೂರಬೇಕು."

"ಕೂರಿಸ್ತೀನಿ ಸಿಸ್ಟರ್."

"ಚೆನ್ನಾಗಾದ್ರೆ ನಮ್ಮಲ್ಲಿ ಅರವತ್ತು ಜನಾನೂ ನಿಮ್ಮ ಹತ್ರಾನೇ ಮಾಡಿಸ್ತಾರೆ, ಅದು ನನ್ನ ಜವಾಬ್ದಾರಿ. ಆಗದಿದ್ರೆ ಬಜಾರಿನ ಪ್ಲಾಸ್ಟಿಕ್ ಇದ್ದೇ ಇದೆ."

ಆ ಮೂರು ವಾರ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಪಾಲಿಷ್ ಬಳಿದ ಕಾಗದದ ಮಣಿಗಳು ಗುಂಡುಸೂಜಿಯ ಮೇಲೆ, ಗುಂಡುಸೂಜಿಗಳು ಮೌನಗೌರಿಯ ಎದೆಯ ಮೇಲೆ ಒಣಗುತ್ತಿದ್ದವು. ಒಂದು ನೀಲಿ ಕಾಗದದ ಮಣಿ, ಒಂದು ಗಂಟು, ಒಂದು ಬಿಳಿ ಗಾಜಿನ ಮಣಿ, ಒಂದು ಗಂಟು. ಸರ ಮುಗಿದ ಕೂಡಲೇ ತುದಿಗೆ ತುದಿ ಗಂಟು ಹಾಕಿ ಮೌನಗೌರಿಯ ಕತ್ತಿಗೆ ಹಾಕಿ ನೋಡುವಳು. ಅಳೆದು ಮಾಡಿದ ಹಾಗೆ ಕೂರುತ್ತಿತ್ತು. ಹಾಗೆ ಹದಿನಾಲ್ಕೂ ಕೂತವು.

ಒಂದು ಮಧ್ಯಾಹ್ನ ಅವಳು ನೀರು ಹಿಡಿದು ಬರುವಷ್ಟರಲ್ಲಿ ಅತ್ತೆ ಒಂದು ಸರ ಕೈಗೆತ್ತಿಕೊಂಡು ಕೊರಳ ಹತ್ತಿರ ಒಯ್ಯುತ್ತಿದ್ದರು. ಅಷ್ಟೆಲ್ಲ ಹಂಗಿಸಿದ ಅತ್ತೆ! ಕಾಜಕ್ಕನಿಗೆ ಒಳಗೊಳಗೇ ಖುಷಿಯಾಯಿತು, ಆದರೆ ಬಾಯಿಂದ ಬಂದದ್ದು ಇಪ್ಪತ್ತೆರಡು ವರ್ಷದ ಅಂಗಡಿಯ ಮಾತು.

"ಅತ್ತೆ, ಗಿರಾಕಿ ಮಾಲು. ಮೈಮೇಲೆ ಹಾಕ್ಬಾರ್ದು."

ಅತ್ತೆ ಸರವನ್ನು ಮೇಜಿನ ಮೇಲಿಟ್ಟರು. "ನಿನ್ನ ಮಾಲು ನನಗ್ಯಾಕೆ," ಅಂದು ಮುಖ ತಿರುಗಿಸಿ ಕೂತರು.

ಸ್ಪರ್ಧೆಯ ದಿನ ಅತ್ತೆ ತಾವೂ ಬರುತ್ತೇನೆಂದರು. ಹಾಡು ಕೇಳಲಿಕ್ಕೋ, ಸರ ನೋಡಲಿಕ್ಕೋ ಹೇಳಲಿಲ್ಲ. ಕೋಟು ತೊಟ್ಟು, ಹದಿನೈದು ಗುಂಡಿಯನ್ನೂ ಹಾಕಿಕೊಂಡು, ಕೋಲು ಹಿಡಿದು ಹೊರಟರು. ಸಭಾಂಗಣದ ಹಿಂದೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೀಲಿ ಉಡುಪು ತೊಟ್ಟ ಹದಿನಾಲ್ಕು ನರ್ಸುಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಎಲ್ಲರದೂ ಎತ್ತಿ ಕಟ್ಟಿದ ತುರುಬು. ಕಾಜಕ್ಕ ರಟ್ಟಿನ ಪೆಟ್ಟಿಗೆ ತೆರೆದಳು. ನರ್ಸುಗಳೆಲ್ಲ ಸುತ್ತ ಮುತ್ತಿಕೊಂಡರು, ಸರಗಳು ಅಷ್ಟು ಚೆನ್ನಾಗಿದ್ದವು.

ದೊಡ್ಡ ಸಿಸ್ಟರ್ ಒಂದನ್ನು ತೆಗೆದುಕೊಂಡರು, ತಿರುಗಿಸಿ ನೋಡಿದರು. ಮತ್ತೆ ತಿರುಗಿಸಿದರು.

"ಇದನ್ನ ಬಿಚ್ಚೋದು ಎಲ್ಲಿ ಕಾಜಕ್ಕ?"

"ಬಿಚ್ಚೋದೇನಿಲ್ಲ ಸಿಸ್ಟರ್, ತಲೆ ಮೇಲಿಂದ..."

ದೊಡ್ಡ ಸಿಸ್ಟರ್ ಸರವನ್ನು ತಲೆಯ ಮೇಲಿಟ್ಟರು. ಅದು ನೆತ್ತಿಯ ಮೇಲೆ ಕೂತಿತು, ಕೆಳಗೆ ಇಳಿಯಲಿಲ್ಲ. ಪಕ್ಕದವಳೂ ಇಟ್ಟುಕೊಂಡಳು, ಅವಳ ಪಕ್ಕದವಳೂ. ಐದಾರು ಜನ ನರ್ಸುಗಳು ತುರುಬಿನ ಸುತ್ತ ಮಣಿಯ ಬಳೆ ತೊಡಿಸಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಕಾಜಕ್ಕನ ಮುಖ ನೋಡಿ ನಗು ಅಲ್ಲೇ ನಿಂತಿತು.

ಮೌನಗೌರಿಗೆ ತಲೆಯಿರಲಿಲ್ಲ. ಹದಿನಾಲ್ಕು ಸರವನ್ನೂ ಅವಳ ಕತ್ತಿಗೆ ಹಾಕಿದ್ದಳು, ತೆಗೆದಿದ್ದಳು, ಒಮ್ಮೆಯೂ ಯಾವ ಅಡ್ಡಿಯೂ ಆಗಿರಲಿಲ್ಲ. ತಲೆಯಿಲ್ಲದವಳನ್ನು ನಂಬಿ ತಲೆಯಿದ್ದವರಿಗೆ ಸರ ಮಾಡಿದ್ದಳು. ಲೇಬಲ್ಲು, ಬಾಟಲಿ, ಹತ್ತು ಗಂಟೆ ನಿಂತ ಕಾಲು, ಎಲ್ಲವೂ ಒಟ್ಟಿಗೆ ಕಣ್ಣೆದುರಿಗೆ ಬಂದವು.

"ಬಿಡಿ," ಅಂದರು ದೊಡ್ಡ ಸಿಸ್ಟರ್, ಮೆಲ್ಲಗೆ. "ಹಾಡೋದು ಗಂಟಲಲ್ಲಿ ತಾನೆ. ಸರ ಇಲ್ಲದೇ ಹಾಡ್ತೀವಿ."

ಬೈದಿದ್ದರೆ ಅವಳು ಅತ್ತುಬಿಡುತ್ತಿದ್ದಳೋ ಏನೋ. ಆ ಸಮಾಧಾನದ ಮಾತು ಅವಳಿಗೆ ತಡೆಯಲಾಗಲಿಲ್ಲ. ಕೈ ತಾನಾಗಿ ಚೀಲದೊಳಗೆ ಹೋಯಿತು. ಸೂಜಿ, ದಾರ, ಕತ್ತರಿ ಇಲ್ಲದೆ ಅವಳು ಯಾವತ್ತೂ ಮನೆ ಬಿಟ್ಟವಳಲ್ಲ.

"ನಿಮ್ಮದು ಎಷ್ಟನೇ ಸರದಿ?"

"ಐದನೇದು."

ಗೋಡೆಯಾಚೆ ಮೊದಲನೇ ತಂಡದ ಹಾಡು ಶುರುವಾಗಿತ್ತು. ತಂಡಕ್ಕೆ ಇಪ್ಪತ್ತು ನಿಮಿಷ, ಅಂದರೆ ಇನ್ನು ನಾಲ್ಕು ತಂಡದಷ್ಟು ಹೊತ್ತು. ಕತ್ತರಿಸಿ ತುದಿಗಳಿಗೆ ಏನಾದರೂ ಕೂರಿಸಬೇಕು. ಕೊಂಡಿ ಸಿಗುವ ಅಂಗಡಿ ಬಜಾರಿನಲ್ಲಿ, ಬಜಾರಿಗೆ ಭಾನುವಾರ ರಜೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಆದರೆ ಅವಳಿಗೆ ಕೊಂಡಿ ಗೊತ್ತಿರಲಿಲ್ಲ, ಗೊತ್ತಿದ್ದುದು ಎರಡೇ ವಸ್ತು.

"ಗುಂಡಿ ಬೇಕು," ಅಂದಳು. "ಒಂದು ತುದಿಗೆ ಗುಂಡಿ, ಇನ್ನೊಂದು ತುದಿಗೆ ದಾರದ ಕುಣಿಕೆ ಹಾಕಿ ಕಾಜಾ ಹೊಲಿದುಬಿಡ್ತೀನಿ. ಹದಿನಾಲ್ಕು ಗುಂಡಿ, ಒಂದೇ ಥರದ್ದು."

ನರ್ಸುಗಳು ತಮ್ಮ ತಮ್ಮ ಉಡುಪು ನೋಡಿಕೊಂಡರು. ಎಲ್ಲದಕ್ಕೂ ಜಿಪ್ಪು. ಯಾರ ಬಳಿಯೂ ಗುಂಡಿಯಿರಲಿಲ್ಲ. ಮೊದಲನೇ ತಂಡ ಹಾಡು ಮುಗಿಸಿತು, ಚಪ್ಪಾಳೆ ಕೇಳಿಸಿತು.

ಆಗ ಮೂಲೆಯಿಂದ ಕಟ್ ಅಂತ ಸಣ್ಣ ಸದ್ದು ಬಂತು. ಅತ್ತೆ ಮಡಚುವ ಕುರ್ಚಿಯ ಮೇಲೆ ಕೂತು, ಕೋಟನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು, ಕಾಜಕ್ಕನದೇ ಕತ್ತರಿಯಿಂದ ಮೊಣಕಾಲಿನ ಕಡೆಯ ಗುಂಡಿಯನ್ನು ಕತ್ತರಿಸಿದ್ದರು. ಎರಡನೆಯದಕ್ಕೆ ಕತ್ತರಿ ಇಟ್ಟಿದ್ದರು.

"ಅತ್ತೆ, ಅದು ಮಾವ ಕೊಡಿಸಿದ್ದು."

"ಕೋಟು ಕೊಡಿಸಿದ್ದು. ಕೋಟು ಎಲ್ಲೂ ಹೋಗಲ್ಲ." ಕಟ್. "ಏನು ನೋಡ್ತಾ ನಿಂತೆ? ನೀನು ಕೈಕಟ್ಟಿ ನಿಂತ್ರೆ ಅವರು ಹಾಡು ನಿಲ್ಲಿಸ್ತಾರಾ?"

ಆಮೇಲೆ ನಡೆದದ್ದನ್ನು ಆ ಕೋಣೆಯಲ್ಲಿದ್ದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಕಾಜಕ್ಕ ನೆಲದ ಮೇಲೆ ಕೂತಳು. ಕತ್ತಿನ ಹಿಂಬದಿಗೆ ಬರುವ ಒಂದು ಕಾಗದದ ಮಣಿಯನ್ನು ಸೀಳಿ ತೆಗೆದಳು. ಗಾಜಿನದಾದರೆ ಆಗುತ್ತಿರಲಿಲ್ಲ, ಕಾಗದ ಬಿಚ್ಚಿಕೊಂಡು ಬಂತು, ಒಳಗಿನ ದಾರ ಉಳಿಯಿತು. ಆ ಬರಿಯ ದಾರವನ್ನು ನಡುವೆ ಕತ್ತರಿಸಿದಳು. ಸರ ಎರಡು ತುದಿಯಾಗಿ ಬಿಚ್ಚಿಕೊಂಡಿತು. ನರ್ಸುಗಳು ಮಣಿ ಹಿಡಿಯಲು ಅಂಗೈ ಒಡ್ಡಿದರು. ಒಂದು ಮಣಿಯೂ ಉದುರಲಿಲ್ಲ. ಗಂಟುಗಳು ಒಂದೊಂದನ್ನೂ ಅದರದರ ಜಾಗದಲ್ಲೇ ಹಿಡಿದಿದ್ದವು.

"ಓಡಿ ಹೋಗ್ಲಿಲ್ಲ ನೋಡು," ಅಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

ಆಪರೇಷನ್ ಕೋಣೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸು ಪಕ್ಕದಲ್ಲಿ ಮಂಡಿಯೂರಿ ದಾರ ಪೋಣಿಸಿದ ಸೂಜಿಗಳನ್ನು ಸಾಲಾಗಿ ಸಿದ್ಧ ಮಾಡಿಟ್ಟುಕೊಂಡಳು. ಕಾಜಕ್ಕ ಕೈ ಚಾಚಿದರೆ ಸಾಕು, ಅಂಗೈಗೆ ಸೂಜಿ ಬೀಳುತ್ತಿತ್ತು. "ನಮ್ಮ ಡಾಕ್ಟ್ರಿಗಿಂತ ನಿಮ್ಮ ಹೊಲಿಗೆ ನೀಟು," ಅಂದಳು ಅವಳು. ಗುಂಡಿಗೆ ನಾಲ್ಕು ಸುತ್ತು, ಗುಂಡಿಯ ಬುಡಕ್ಕೆ ಮೂರು ಸುತ್ತು, ಗಂಟು. ಇನ್ನೊಂದು ತುದಿಗೆ ಮೂರೆಳೆಯ ಕುಣಿಕೆ, ಅದರ ಮೇಲೆ ಉದ್ದಕ್ಕೂ ಒತ್ತೊತ್ತಾಗಿ ಕಾಜಾ ಹೊಲಿಗೆ, ಗಂಟು. ಇಪ್ಪತ್ತೆರಡು ವರ್ಷ ಕಿಟಕಿಯ ಪಕ್ಕ ಕೂತ ಬೆರಳುಗಳಿಗೆ ಯೋಚನೆ ಬೇಕಿರಲಿಲ್ಲ. ಎರಡನೇ ತಂಡ ಹಾಡಿತು. ಮೂರನೆಯದು ಹಾಡಿತು, ಒಂಬತ್ತು ಸರ ಮುಗಿದಿದ್ದವು. ನಾಲ್ಕನೇ ತಂಡದವರು ಅಂಚೆ ಕಚೇರಿಯ ಹೆಂಗಸರು, ಬಹಳ ಚೆನ್ನಾಗಿ ಹಾಡುತ್ತಿದ್ದರು, ಒಂದು ಚರಣ ಹೆಚ್ಚಾಗಿಯೇ ಹಾಡಿದರು. ಆ ಚರಣದಲ್ಲಿ ಹದಿನಾಲ್ಕನೇ ಕುಣಿಕೆಯ ದಾರ ಕಡಿದಾಯಿತು.

ನರ್ಸುಗಳು ಗುಂಡಿಯನ್ನು ಕತ್ತಿನ ಹಿಂದಕ್ಕೆ ಸರಿಸುತ್ತಿದ್ದರು. ದೊಡ್ಡ ಸಿಸ್ಟರ್ ತಡೆದರು.

"ಇಷ್ಟು ಚೆಂದ ಇರೋದನ್ನ ಬಚ್ಚಿಡೋದ್ಯಾಕೆ? ಮುಂದಕ್ಕೆ ತಗೊಳ್ಳಿ."

ಹಾಗೆ ಹದಿನಾಲ್ಕು ಚಿಪ್ಪಿನ ಗುಂಡಿಗಳು ಹದಿನಾಲ್ಕು ಕೊರಳಿನ ನಡುವೆ ಕೂತು ವೇದಿಕೆ ಹತ್ತಿದವು. ಕಾಜಕ್ಕ ಹಿಂದಿನ ಸಾಲಿನಲ್ಲಿ ನಿಂತಳು, ಪಕ್ಕದಲ್ಲಿ ಕೋಟಿನ ಎರಡು ಅಂಚನ್ನು ಕೈಯಲ್ಲಿ ಹಿಡಿದುಕೊಂಡ ಅತ್ತೆ. ದೀಪ ಬೆಳಗಿತು. ಉಸಿರೆಳೆದಾಗಲೆಲ್ಲ ಗುಂಡಿಗಳು ಬಿಳಿ, ಗುಲಾಬಿ, ತೆಳು ಹಸಿರು ಆದವು. ಹಾಡು ಏನಿತ್ತೆಂದು ಅವಳನ್ನು ಕೇಳಿದರೆ ಹೇಳಲಾರಳು. ಅವಳು ಕಂಡದ್ದು ಕಾಜಾ. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ದೀಪದ ಕೆಳಗೆ, ಅವಳ ಕಾಜಾ ಇತ್ತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಹಾಡಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಅಂಚೆ ಕಚೇರಿಯವರಿಗೆ. ಅವರು ಬಹುಮಾನದ ಕಪ್ಪನ್ನು ಕುರ್ಚಿಯ ಮೇಲಿಟ್ಟು ನೇರವಾಗಿ ನರ್ಸುಗಳ ಬಳಿ ಬಂದರು. ಅವರಲ್ಲಿ ಹಿರಿಯಳೊಬ್ಬಳು ದೊಡ್ಡ ಸಿಸ್ಟರ್ ಕೊರಳಿನ ಕುಣಿಕೆಯನ್ನು ಬೆರಳಿನಿಂದ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಎಂಥ ಕಾಜಾ ಇದು. ಯಾರು ಹೊಲಿದದ್ದು?"

ಕಾಜಕ್ಕನಿಗೆ ಬಾಯಿ ಬರಲಿಲ್ಲ. ಅತ್ತೆಗೆ ಬಂತು.

"ನನ್ನ ಸೊಸೆ," ಅಂದರು. "ಬೇಕಾದ್ರೆ ಸರದಿಯಲ್ಲಿ ಬನ್ನಿ. ಮೊದಲು ಅರವತ್ತು ಜನ ಇದ್ದಾರೆ."

ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತು ಆಡಿದರು. "ಅವತ್ತು ನನ್ನ ಕೊರಳಿಗೆ ಹಾಕೋಕೆ ಬಿಟ್ಟಿದ್ರೆ ಈ ಫಜೀತಿ ಇರ್ತಿರಲಿಲ್ಲ." ಮರುದಿನ ಬೆಳಗ್ಗೆ ಎದ್ದಾಗ ಮೌನಗೌರಿಯ ಕತ್ತಿನ ಮೇಲೆ ದೊಡ್ಡ ಪಾತ್ರೆಯೊಂದನ್ನು ಬೋರಲು ಹಾಕಿತ್ತು. "ಇನ್ಮೇಲೆ ಇವಳಿಗೂ ತಲೆ ಇರಲಿ," ಅಂದರು ಅತ್ತೆ. ಕಾರ್ಖಾನೆಯವರು ಕೇಳಲು ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಸೊಸೆಗೆ ಪುರುಸೊತ್ತಿಲ್ಲ ಅಂತ ಕಳಿಸಿದವರೂ ಅವರೇ.

ಮಾಸ್ಟರ್ ಕೂಡ ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಸರಗಳನ್ನೂ, ಕಿಟಕಿಯ ಪಕ್ಕದ ಸ್ಟೂಲನ್ನೂ ನೋಡಿದರು. ಒಂದು ಕುಣಿಕೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನನ್ನ ಯಂತ್ರಕ್ಕೆ ಬರಲ್ಲ ಕಾಜಕ್ಕ," ಅಂದರು.

"ಬರಲ್ಲ ಮಾಸ್ಟ್ರೇ," ಅಂದಳು ಅವಳು.

ಅತ್ತೆಯ ಕೋಟಿಗೆ ಬೇರೆ ಗುಂಡಿ ಹಚ್ಚಲು ಮಾತ್ರ ಕಾಜಕ್ಕ ಅವರನ್ನು ಬಹಳ ದಿನ ಕೇಳಿಕೊಳ್ಳಬೇಕಾಯಿತು. ಕೊನೆಗೆ ಅವರು ಬಿಸ್ಕೆಟ್ ಡಬ್ಬಿಯಿಂದ ಹದಿನೈದು ಗುಂಡಿ ತಾವೇ ಆರಿಸಿದರು, ಒಂದರಂತೆ ಇನ್ನೊಂದಿಲ್ಲ. ಹಳೆಯ ಗುಂಡಿಗಳೆಲ್ಲಿ ಅಂತ ಬೀದಿಯಲ್ಲಿ ಯಾರಾದರೂ ಕೇಳಲಿ ಅಂತಲೇ ಹಾಗೆ ಮಾಡಿದ್ದು. ಜನ ಕೇಳಿದರು. ಅತ್ತೆ ಪ್ರತಿ ಸಲವೂ ಮೊದಲಿನಿಂದ ಹೇಳಿದರು.

ಕಾಲರಿನ ಬಳಿ ಉಳಿದಿದ್ದ ಕೊನೆಯ ಚಿಪ್ಪಿನ ಗುಂಡಿಯನ್ನು ಕತ್ತರಿಸಿ ಅವರು ಸೊಸೆಯ ಅಂಗೈಗೆ ಹಾಕಿದರು.

"ಇದಕ್ಕೂ ಒಂದು ಸರ ಮಾಡು."

ಕಾಜಕ್ಕ ಮಾಡಿದಳು. ನೀಲಿ, ಬಿಳಿ, ಒಂದೊಂದಕ್ಕೂ ಗಂಟು. ಮುಗಿದ ಮೇಲೆ ಅಭ್ಯಾಸಬಲದಿಂದ ಮೌನಗೌರಿಯ ಕಡೆ ಹೊರಟಳು. ಅತ್ತೆ ಸರವನ್ನು ಅವಳ ಕೈಯಿಂದ ತೆಗೆದುಕೊಂಡರು.

"ತಿರುಗು ಈ ಕಡೆ."

"ಅತ್ತೆ, ಮಾಲು ಮೈಮೇಲೆ..."

"ಇದು ಗಿರಾಕಿ ಮಾಲಲ್ಲ. ನಿಂದು."

ಕಣ್ಣು ಮಂಜಾದ ಅತ್ತೆಗೆ ಗುಂಡಿಯನ್ನು ಕುಣಿಕೆಗೆ ತೂರಿಸಲು ಮೂರು ಸಲ ಪ್ರಯತ್ನ ಮಾಡಬೇಕಾಯಿತು. ಕಾಜಕ್ಕ ನೆರವಾಗಲಿಲ್ಲ, ಸುಮ್ಮನೆ ಗಲ್ಲವೆತ್ತಿ ನಿಂತಳು. ಗುಂಡಿ ಕುಣಿಕೆಯೊಳಗೆ ಬಿಗಿಯಾಗಿ ಕೂತಿತು. ಆಮೇಲೆ ಅವಳು ಕನ್ನಡಿಯ ಮುಂದೆ ಹೋಗಿ ನಿಂತು, ಸಾಕೆನಿಸುವವರೆಗೆ ನೋಡಿಕೊಂಡಳು.